ಗುಪ್ತಗಾಯದ ಲೆಕ್ಕ

(ರಾಯಚೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಎಂದರೆ ಬಡ್ಡಿಯ ಮೇಲೆ ನಡೆಯುವ ಒಳ್ಳೆಯ ಕೆಲಸ. ಯಾರೋ ಪುಣ್ಯಾತ್ಮರು ಒಂದಿಷ್ಟು ಅಸಲು ಇಟ್ಟು ಹೋಗಿರುತ್ತಾರೆ. ಅಸಲನ್ನು ಯಾರೂ ಮುಟ್ಟುವಂತಿಲ್ಲ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ನನ್ನಂಥವನೊಬ್ಬ ಬಂದು ಮಾತಾಡಿ ಹೋಗುತ್ತಾನೆ. ನಾನು ಇವತ್ತು ಇನ್ನೊಂದು ಬಗೆಯ ಬಡ್ಡಿಯ ಬಗ್ಗೆ ಮಾತಾಡಬೇಕೆಂದಿದ್ದೇನೆ. ಅಲ್ಲಿ ಹೊಡೆದವನು ಒಬ್ಬ, ಹೊಡೆಸಿಕೊಂಡವನು ಇನ್ನೊಬ್ಬ. ಬಡ್ಡಿ ಕಟ್ಟುವವನು ಮಾತ್ರ ಹೊಡೆಸಿಕೊಂಡವನೇ.

ನಮ್ಮ ಭಾಗದ ಠಾಣೆಗಳಲ್ಲಿ ಬರೆಯುವ ಫಿರ್ಯಾದಿಗಳನ್ನು ಓದಿದವರಿಗೆ ಎರಡು ಪದ ಗೊತ್ತಿರುತ್ತವೆ: ರಕ್ತಗಾಯ ಮತ್ತು ಗುಪ್ತಗಾಯ. ಚರ್ಮ ಹರಿದು ನೆತ್ತರು ಬಂದರೆ ರಕ್ತಗಾಯ. ಮೇಲೆ ಏನೂ ಕಾಣದೆ ಒಳಗೆ ನೋಯುತ್ತಿದ್ದರೆ ಗುಪ್ತಗಾಯ. ಇಷ್ಟು ಒಳ್ಳೆಯ ಪದವನ್ನು ಯಾವ ಹೆಡ್ ಕಾನ್‌ಸ್ಟೆಬಲ್ ಹುಟ್ಟಿಸಿದನೋ ಗೊತ್ತಿಲ್ಲ. ಮೂವತ್ತು ವರ್ಷದ ವಕೀಲಿಕೆಯ ನಂತರ ನನಗೆ ಅನ್ನಿಸುವುದು ಇಷ್ಟು: ರಕ್ತಗಾಯವನ್ನು ಡಾಕ್ಟರು ಅಳೆಯುತ್ತಾರೆ, ಪೊಲೀಸರು ಬರೆದುಕೊಳ್ಳುತ್ತಾರೆ, ಜಡ್ಜು ಓದುತ್ತಾರೆ. ಮನೆಯ ಲೆಕ್ಕಕ್ಕೆ ಬಿದ್ದ ಗುಪ್ತಗಾಯವನ್ನು ಮಾತ್ರ ಯಾರೂ ಅಳೆಯುವುದಿಲ್ಲ.

ಒಂದು ಕ್ಯಾರಿಬ್ಯಾಗು

ಕೆಲವು ವರ್ಷದ ಹಿಂದೆ ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ದೇವದುರ್ಗ ತಾಲೂಕಿನ ಒಬ್ಬ ತಾಯಿ ಕೂತಿದ್ದಳು. ಹೊಲದ ಬದುವಿನ ಜಗಳದಲ್ಲಿ ಆಕೆಯ ಗಂಡನ ಕಾಲಿಗೆ ಕೊಡಲಿಯ ಪೆಟ್ಟು ಬಿದ್ದಿತ್ತು. ಉಡಿಯಲ್ಲಿ ಬಟ್ಟೆ ಅಂಗಡಿಯ ಒಂದು ಹಳದಿ ಕ್ಯಾರಿಬ್ಯಾಗು. ಅದರೊಳಗಿನದನ್ನು ಒಂದೊಂದಾಗಿ ತೆಗೆದು ಕಟ್ಟೆಯ ಮೇಲೆ ಹರವಿದಳು. ಎಕ್ಸ್‌ರೇ ಹಾಳೆ ಬಿಸಿಲಿಗೆ ಅಂಟಿಕೊಂಡಿತ್ತು. ಔಷಧಿ ಅಂಗಡಿಯ ಚೀಟಿಗಳಲ್ಲಿ ಅರ್ಧದಷ್ಟರ ಅಕ್ಷರ ಅಳಿಸಿ ಬರೀ ಬಿಳಿ ಕಾಗದ ಉಳಿದಿತ್ತು, ಏಕೆಂದರೆ ಈಗಿನ ಮಷಿನ್ ಬಿಲ್ಲಿನ ಮಸಿ ಒಂದು ಬೇಸಿಗೆಯನ್ನೂ ತಡೆಯುವುದಿಲ್ಲ. ಆಟೋದವನಿಗೆ ಕೊಟ್ಟದ್ದು, ಆಸ್ಪತ್ರೆಯ ಮುಂದಿನ ಖಾನಾವಳಿಗೆ ಕೊಟ್ಟದ್ದು ಮಗಳ ಶಾಲೆಯ ನೋಟುಬುಕ್ಕಿನ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿತ್ತು. ತಳದಲ್ಲಿ ಸಂಘದ ಸಾಲದ ಪಾಸ್‌ಬುಕ್ಕು.

ಆಕೆ ಕೇಳಿದ್ದು ಒಂದೇ ಮಾತು. “ಕೇಸು ಸರಕಾರದ್ದು ಅಂತೀರಿ. ಮತ್ತ ಇವು ಯಾರವು ರೀ, ವಕೀಲ ಸಾಹೇಬ್ರ?”

ನಾನು ಏನೋ ಉತ್ತರ ಹೇಳಿದೆ. ಆ ಉತ್ತರಕ್ಕೆ ಕೊನೆಯಲ್ಲಿ ಬರುತ್ತೇನೆ.

ಆಕೆಯ ಪ್ರಶ್ನೆ ಬಲು ಗಟ್ಟಿಯಾದದ್ದು. ಅಪರಾಧ ನಡೆದಾಗ ಕೋರ್ಟಿನ ದಾಖಲೆಯಲ್ಲಿ ಹೆಸರು ಬರುವುದು ‘ಕರ್ನಾಟಕ ರಾಜ್ಯ ವಿರುದ್ಧ ಇಂಥವನು’ ಎಂದು. ಪೆಟ್ಟು ತಿಂದವನು ಅಲ್ಲಿ ಸಾಕ್ಷಿ ಮಾತ್ರ, ‘ಪಿ.ಡಬ್ಲ್ಯೂ. ಒಂದು’. ಇದರ ಹಿಂದೆ ಒಳ್ಳೆಯ ಉದ್ದೇಶವೇ ಇದೆ. ಬಡವನ ಜಗಳವನ್ನು ಸರ್ಕಾರ ತನ್ನ ಜಗಳ ಮಾಡಿಕೊಂಡಿತು, ಸೇಡಿನ ಜಾಗದಲ್ಲಿ ಶಿಕ್ಷೆ ಬಂತು. ಆದರೆ ಜಗಳವನ್ನು ಕೈಗೆತ್ತಿಕೊಂಡ ಸರ್ಕಾರ ಬಿಲ್ಲನ್ನು ಕೈಗೆತ್ತಿಕೊಳ್ಳಲಿಲ್ಲ. ‘ಬಾಧಿತ’ ಎಂಬ ಪದಕ್ಕೆ ನಮ್ಮ ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಒಂದು ವ್ಯಾಖ್ಯೆ ಸೇರಿದ್ದೇ 2008ರ ತಿದ್ದುಪಡಿಯಲ್ಲಿ. ಅದು ಜಾರಿಗೆ ಬಂದದ್ದು 2009ರ ಡಿಸೆಂಬರ್ 31ರಂದು.

ಕಾನೂನಿಗೆ ದಿನದ ಲೆಕ್ಕ ಗೊತ್ತಿಲ್ಲ ಅನ್ನುವ ಹಾಗೂ ಇಲ್ಲ. ‘ಭಾರಿ ಗಾಯ’ ಎಂದರೇನು ಎಂದು ಹೇಳುವಾಗ ಹಳೆಯ ಭಾರತೀಯ ದಂಡ ಸಂಹಿತೆ ಒಂದು ಅಳತೆ ಕೊಟ್ಟಿತ್ತು: 20 ದಿನ ವಿಪರೀತ ನೋವಿನಲ್ಲಿದ್ದರೆ, ಅಥವಾ ತನ್ನ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ, ಅದು ಭಾರಿ ಗಾಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಅದನ್ನು 15 ದಿನಕ್ಕೆ ಇಳಿಸಿದೆ. ಅಂದರೆ ಎಷ್ಟು ದಿನ ದುಡಿಮೆ ನಿಂತಿತು ಎಂಬುದನ್ನು ಕಾನೂನು ಬೆರಳು ಮಡಚಿ ಎಣಿಸುತ್ತದೆ. ಹೊಡೆದವನಿಗೆ ಎಷ್ಟು ವರ್ಷ ಎಂದು ಗೊತ್ತುಮಾಡಲು ಎಣಿಸುತ್ತದೆ. ಆ ದಿನಗಳ ಕೂಲಿ ಯಾರು ಕೊಡಬೇಕು ಎಂದು ಕೇಳುವಾಗ ಬೆರಳು ನಿಲ್ಲುತ್ತದೆ.

ಒಂದು ಕಾಲಿನ ಬೆಲೆ

ಈಗ ಒಂದು ಲೆಕ್ಕ ಮಾಡೋಣ. ಇದು ಯಾರ ಮನೆಯದೂ ಅಲ್ಲ, ನಾನು ಕಟ್ಟಿದ್ದು. ಆದರೆ ನಿಮ್ಮ ಊರಿನಲ್ಲಿ ಇಂಥದ್ದು ನಡೆದಿಲ್ಲ ಎನ್ನುವವರು ಕೈ ಎತ್ತಿ.

ಮೂವತ್ತೆಂಟು ವರ್ಷದ ಒಬ್ಬ ಕೂಲಿಕಾರ. ಹತ್ತಿ ಬಿಡಿಸುವ ಕಾಲಕ್ಕೆ ದೇವದುರ್ಗ, ನಾಟಿಯ ಕಾಲಕ್ಕೆ ಮಾನ್ವಿ ಕಡೆಯ ಕಾಲುವೆ ಕೆಳಗಿನ ಗದ್ದೆ, ಏನೂ ಇಲ್ಲದಾಗ ಬೆಂಗಳೂರಿಗೆ ಗುಳೆ. ಇವನ ಮೊಣಕಾಲಿನ ಕೆಳಗಿನ ಎಲುಬು ಮುರಿದಿದೆ. 108 ವಾಹನ ಪುಕ್ಕಟೆ ಬಂತು. ತಾಲೂಕು ಆಸ್ಪತ್ರೆಯಲ್ಲಿ ಎಂ.ಎಲ್.ಸಿ. (ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ) ಬರೆದು, ಕಟ್ಟು ಹಾಕಿ, ‘ರಾಯಚೂರಿಗೆ ಒಯ್ಯಿರಿ’ ಅಂದರು. ಕಾರ್ಡಿನ ಮೇಲೆ ಆಪರೇಷನ್ನೂ ಆಯಿತು ಎಂದೇ ಇಟ್ಟುಕೊಳ್ಳಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ರಾಡು ಕಾರ್ಡಿನ ಮೇಲೆ ಬರುತ್ತದೆ. ಹಾಸಿಗೆಯ ಪಕ್ಕ ಚಾಪೆ ಹಾಸಿಕೊಂಡು ಮಲಗಿದ ಮಗನ ಕೂಲಿ ಯಾವ ಕಾರ್ಡಿನ ಮೇಲೂ ಬರುವುದಿಲ್ಲ.

2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದನ್ನೇ ಹಿಡಿಯೋಣ. ಮೂರು ತಿಂಗಳು ಕಾಲು ಊರಲಾಗದು: 33,300 ರೂಪಾಯಿ. ಮಗ ಇಪ್ಪತ್ತು ದಿನ ಕೆಲಸ ಬಿಟ್ಟ: 7,400. ಬರೀ ನಿಂತ ಕೂಲಿಯೇ 40,700 ರೂಪಾಯಿ. ಊಟ, ಆಟೋ, ಹೊರಗಿನ ಔಷಧಿ, ಡ್ರೆಸಿಂಗು ಇನ್ನೂ ಸೇರಿಲ್ಲ. ಹೀಗಾಗಿ ಊರಿನಲ್ಲಿ ಐವತ್ತು ಸಾವಿರ ಕೈಗಡ ತಂದರು, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 1,500. ಕೇಸು ನಾಲ್ಕು ವರ್ಷ ನಡೆದರೆ ಬಡ್ಡಿಯೇ 72,000, ಅಸಲು ಇನ್ನೂ ನಿಂತೇ ಇದೆ. ಗಮನಿಸಿ: ಈ ಲೆಕ್ಕದಲ್ಲಿ ಆಸ್ಪತ್ರೆಗಿಂತ ದೊಡ್ಡ ಖರ್ಚು ಕಾಲದ್ದು. ದುಡ್ಡು ತಡವಾದದ್ದರ ಬೆಲೆ ಅದು.

ಈಗ ಅದೇ ಮನುಷ್ಯ, ಅದೇ ಕಾಲು, ಅದೇ ಮುರಿತ. ಆದರೆ ಹೊಡೆದದ್ದು ಕೊಡಲಿಯಲ್ಲ, ಲಾರಿ. ನಾನು ವಕೀಲಿಕೆ ಆರಂಭಿಸಿದ್ದೇ ಮೋಟಾರು ಪರಿಹಾರದ ಕೇಸುಗಳಿಂದ, ಹಾಗಾಗಿ ಈ ಲೆಕ್ಕ ಬಾಯಿಪಾಠ. 2009ರ ಸರಳಾ ವರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ವಯಸ್ಸಿಗೆ ತಕ್ಕ ಗುಣಕದ ಪಟ್ಟಿ ಕೊಟ್ಟಿತು. 36ರಿಂದ 40 ವರ್ಷದವರಿಗೆ ಹದಿನೈದು. ದೇಹದ ಊನ ಎಷ್ಟು ಎಂಬುದಕ್ಕಿಂತ ಅದು ದುಡಿಮೆಯನ್ನು ಎಷ್ಟು ಕಿತ್ತುಕೊಂಡಿತು ಎಂದು ನೋಡಬೇಕೆಂದು 2010ರ ರಾಜ್‌ಕುಮಾರ್ ತೀರ್ಪು ಹೇಳಿತು. ಎರಡನ್ನೂ ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. 2011ರಲ್ಲಿ ಕರ್ನಾಟಕದ ಒಬ್ಬ ಕೂಲಿಕಾರನ ಮೇಲ್ಮನವಿಯಲ್ಲಿ, ಮೈಮುರಿದು ದುಡಿಯುವವನ ಹತ್ತಿರ ಆದಾಯದ ಕಾಗದ ಕೇಳಬಾರದು ಎಂದು ಒಪ್ಪಿ, ಆತ ಬಾಯಲ್ಲಿ ಹೇಳಿದ ತಿಂಗಳಿಗೆ 4,500 ರೂಪಾಯಿಯನ್ನೇ ಸುಪ್ರೀಂ ಕೋರ್ಟು ಹಿಡಿಯಿತು.

ನಮ್ಮವನ ಲೆಕ್ಕ ಹಾಕಿ. ತಿಂಗಳಿಗೆ 26 ದಿನದ ಕೂಲಿ 9,620. ವರ್ಷಕ್ಕೆ 1,15,440. ದುಡಿಯುವ ಶಕ್ತಿಯಲ್ಲಿ ಶೇಕಡಾ 20 ಹೋಯಿತು ಎಂದರೆ 23,088. ಹದಿನೈದರಿಂದ ಗುಣಿಸಿದರೆ 3,46,320 ರೂಪಾಯಿ. ಇದು ಮುಂದಿನ ದುಡಿಮೆಯ ನಷ್ಟ ಮಾತ್ರ. ಆಸ್ಪತ್ರೆಯ ಖರ್ಚು, ನೋಡಿಕೊಂಡವರ ಖರ್ಚು, ಪೌಷ್ಟಿಕ ಆಹಾರ, ಮಲಗಿದ ದಿನಗಳ ಕೂಲಿ, ನೋವು, ಇವೆಲ್ಲ ಬೇರೆ ಬೇರೆ ಸಾಲಿನಲ್ಲಿ ಬರುತ್ತವೆ. ಲಾರಿ ಹೊಡೆದು ಓಡಿಹೋಗಿ ನಂಬರೇ ಸಿಗದಿದ್ದರೂ, 2022ರ ಏಪ್ರಿಲ್ 1ರ ನಂತರದ ಅಪಘಾತದಲ್ಲಿ ಭಾರಿ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಇದೆ. ನಮ್ಮ ರಾಜ್ಯದಲ್ಲಿ 2016ರ ಸಾಂತ್ವನ ಹರೀಶ್ ಯೋಜನೆಯಲ್ಲಿ ಅಪಘಾತದ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರ ಕೊಟ್ಟಿತು. 2025ರಲ್ಲಿ ಕೇಂದ್ರ ಸರ್ಕಾರ ಏಳು ದಿನಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆ ತಂದಿತು.

ಕೊಡಲಿಗೆ ವಿಮೆ ಇಲ್ಲ. ತಮಾಷೆಗೆ ಹೇಳುತ್ತಿಲ್ಲ. ಎಲುಬು ಮುರಿಸಿಕೊಳ್ಳುವುದೇ ಹಣೆಬರಹವಾದರೆ ಲಾರಿಯಿಂದ ಮುರಿಸಿಕೋ, ಅಣ್ಣತಮ್ಮಂದಿರಿಂದ ಮುರಿಸಿಕೊಳ್ಳಬೇಡ ಎಂದು ಕಕ್ಷಿದಾರನಿಗೆ ಬುದ್ಧಿ ಹೇಳಬೇಕಾದ ಸ್ಥಿತಿ ನಮ್ಮದು. ಲಾರಿಯ ಪೆಟ್ಟಿಗೆ ಹಣವನ್ನು ಎಣಿಸುವ ಇಡೀ ಒಂದು ಶಾಸ್ತ್ರ ಬೆಳೆದಿದೆ, ಪ್ರತ್ಯೇಕ ನ್ಯಾಯಮಂಡಳಿ ಇದೆ. ಕೊಡಲಿಯ ಪೆಟ್ಟಿಗೆ ಜೈಲನ್ನು ಎಣಿಸುವ ಶಾಸ್ತ್ರ ಮಾತ್ರ ಬೆಳೆದಿದೆ.

ಕಲ್ಯಾಣದ ಒಂದು ಹಳೆಯ ಪದ

ಇದೇನು ಇಂಗ್ಲಿಷರು ಬಿಟ್ಟುಹೋದ ರೋಗವೋ, ಮೊದಲಿನಿಂದ ಹೀಗೆಯೋ ಎಂದು ಹುಡುಕುತ್ತ ಹೋದರೆ ದಾರಿ ನಮ್ಮ ಕಲ್ಯಾಣಕ್ಕೇ ಬರುತ್ತದೆ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಬರೆದದ್ದು ಇಂದಿನ ಬಸವಕಲ್ಯಾಣದಲ್ಲಿ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಆ ಟೀಕೆ ಆಸ್ತಿ ಪಾಲಿನ ಕೇಸುಗಳಿಂದಾಗಿ ವಕೀಲರಿಗೆಲ್ಲ ಪರಿಚಿತ. ಆದರೆ ಅದರಲ್ಲಿ ಹೊಡೆದಾಟದ ಪ್ರಕರಣವೂ ಇದೆ. ಅಲ್ಲಿ ಒಂದು ಪದ ಬರುತ್ತದೆ: ಸಮುತ್ಥಾನ ವ್ಯಯ. ಇನ್ನೊಬ್ಬನ ಮೈಗೆ ನೋವು ಮಾಡಿದವನು ರಾಜನಿಗೆ ದಂಡ ಕಟ್ಟಬೇಕು, ಅದರ ಮೇಲೆ ಗಾಯಗೊಂಡವನಿಗೆ ಸಮುತ್ಥಾನ ವ್ಯಯವನ್ನೂ ಕೊಡಬೇಕು. ಗಾಯ ಮಾಯಲು ಔಷಧಿಗೆ, ಪಥ್ಯಕ್ಕೆ ತಗಲುವ ಖರ್ಚು ಎಂದು ವಿಜ್ಞಾನೇಶ್ವರ ಬಿಡಿಸಿ ಹೇಳುತ್ತಾನೆ. ಸಮುತ್ಥಾನ ಎಂದರೆ ಏಳುವುದು. ಬಿದ್ದವನು ಮತ್ತೆ ಎದ್ದು ನಿಲ್ಲಲು ಬೇಕಾದ ದುಡ್ಡು. ಕಳ್ಳತನಕ್ಕೂ ಅಷ್ಟೆ: ಕದ್ದ ಮಾಲನ್ನು ರಾಜ ಹುಡುಕಿಸಿ ಕೊಡಬೇಕು, ಇಲ್ಲವಾದರೆ ತನ್ನ ಬೊಕ್ಕಸದಿಂದ ಕೊಡಬೇಕು ಎಂದು ಗೌತಮ ಧರ್ಮಸೂತ್ರ ಹೇಳಿತ್ತು.

ಇದನ್ನು ಕೇಳಿ ಯಾರೂ ಎದೆ ಉಬ್ಬಿಸುವ ಅಗತ್ಯವಿಲ್ಲ. ಹೊಡೆದವನ ಜಾತಿ ಯಾವುದು, ಹೊಡೆಸಿಕೊಂಡವನ ಜಾತಿ ಯಾವುದು ಎಂದು ನೋಡಿ ದಂಡವನ್ನು ಹೆಚ್ಚು ಕಡಿಮೆ ಮಾಡಿದ್ದೂ ಅದೇ ಶಾಸ್ತ್ರಗಳೇ. ಆ ತಕ್ಕಡಿ ನಮಗೆ ಬೇಡ. ಆ ಒಂದು ಪದ ಮಾತ್ರ ಬೇಕು. ದಂಡ ಬೇರೆ, ಏಳುವ ಖರ್ಚು ಬೇರೆ ಎಂಬ ತಿಳಿವಳಿಕೆ ಆ ಪದದಲ್ಲಿದೆ. ಮುಂದೆ ದಂಡವೆಲ್ಲ ಖಜಾನೆಗೆ ಹೋಗುವ ಪದ್ಧತಿಯಲ್ಲಿ ಆ ಎರಡನೆಯ ಪದ ಕಳೆದೇ ಹೋಯಿತು. ಜಗತ್ತು ಅದನ್ನು ಮತ್ತೆ ನೆನಪಿಸಿಕೊಂಡದ್ದು ತಡವಾಗಿ. ಅಪರಾಧಕ್ಕೆ ತುತ್ತಾದವರಿಗೆ ಸರ್ಕಾರವೇ ಪರಿಹಾರ ಕೊಡುವ ಕಾಯ್ದೆಯನ್ನು ಮೊದಲು ಮಾಡಿದ್ದು ನ್ಯೂಜಿಲೆಂಡ್, 1963ರಲ್ಲಿ. ವಿಶ್ವಸಂಸ್ಥೆಯ ಘೋಷಣೆ ಬಂದದ್ದು 1985ರಲ್ಲಿ.

ಇರುವ ಕಾನೂನು

ನಮ್ಮಲ್ಲಿ ಈಗ ಕಾನೂನು ಇಲ್ಲ ಎನ್ನುವಂತಿಲ್ಲ. ಅದು ಕ್ಯಾರಿಬ್ಯಾಗಿನವರೆಗೆ ಬಂದಿಲ್ಲ, ಅಷ್ಟೆ.

ಹಳೆಯ ದಂಡಪ್ರಕ್ರಿಯಾ ಸಂಹಿತೆಯ 357–ಎ ಕಲಂ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ. ಅದರ ಕೆಳಗೆ ಕರ್ನಾಟಕದ ಬಾಧಿತರ ಪರಿಹಾರ ಯೋಜನೆ 2011. ಇದನ್ನು ನಡೆಸುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಈ ಕಲಮಿನಲ್ಲಿ ನಾಲ್ಕು ಮಾತು ನೆನಪಿಡಬೇಕು. ಮೊದಲನೆಯದು, ಆರೋಪಿ ಖುಲಾಸೆಯಾದರೂ ಬಾಧಿತನಿಗೆ ಪುನರ್ವಸತಿ ಬೇಕು ಎನ್ನಿಸಿದರೆ ಕೋರ್ಟು ಪರಿಹಾರಕ್ಕೆ ಶಿಫಾರಸು ಮಾಡಬಹುದು. ಎರಡನೆಯದು, ಆರೋಪಿ ಪತ್ತೆಯೇ ಆಗದಿದ್ದರೂ ಬಾಧಿತರೇ ನೇರವಾಗಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಮೂರನೆಯದು, ವಿಚಾರಣೆ ಮುಗಿಸಿ ಪರಿಹಾರ ನಿರ್ಧರಿಸಲು ಪ್ರಾಧಿಕಾರಕ್ಕೆ ಎರಡು ತಿಂಗಳ ಗಡುವು. ನಾಲ್ಕನೆಯದು ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದು: ಠಾಣೆಯ ಅಧಿಕಾರಿ ಅಥವಾ ಆ ಭಾಗದ ಮ್ಯಾಜಿಸ್ಟ್ರೇಟರ ಒಂದು ಪ್ರಮಾಣಪತ್ರದ ಮೇಲೆ, ಪುಕ್ಕಟೆ ಪ್ರಥಮ ಚಿಕಿತ್ಸೆಗೆ, ವೈದ್ಯಕೀಯ ನೆರವಿಗೆ, ಮಧ್ಯಂತರ ಪರಿಹಾರಕ್ಕೆ ಪ್ರಾಧಿಕಾರ ಕೂಡಲೇ ಆದೇಶ ಮಾಡಬಹುದು. ಆ ಚೀಟಿಗಾಗಿ ಠಾಣೆಯ ಮೆಟ್ಟಿಲೇರಿ ‘ಸಾಹೇಬ್ರ, ನಮಗ ಸರ್ಟಿಫಿಕೇಟು ಬರದು ಕೊಡ್ರಿ’ ಎಂದು ಕೇಳಿದ ಒಬ್ಬ ಗಾಯಾಳುವನ್ನೂ ನಾನು ನೋಡಿಲ್ಲ. ಮಧ್ಯಂತರ ಪರಿಹಾರ ಬೇಕೇ ಎಂದು ಮೊದಲಿಗೇ ನೋಡುವುದು ಕೋರ್ಟಿನ ಕರ್ತವ್ಯ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಸುರೇಶ್ ಪ್ರಕರಣದಲ್ಲಿ ಹೇಳಿದೆ.

ಈ ಕಾನೂನಿನ ಹಲ್ಲು ಗಟ್ಟಿಯಾದದ್ದು ಆಸಿಡ್ ದಾಳಿಗೆ ತುತ್ತಾದ ಹೆಣ್ಣುಮಕ್ಕಳ ಹೋರಾಟದಿಂದ. ಬೆಂಗಳೂರಿನಲ್ಲಿ 1999ರ ಏಪ್ರಿಲಿನಲ್ಲಿ ಕೆಲಸ ಬಿಟ್ಟ ಸಿಟ್ಟಿಗೆ ಹಳೆಯ ಮಾಲೀಕ ಒಬ್ಬ ತರುಣಿಯ ಮೇಲೆ ಆಸಿಡ್ ಸುರಿದ. ಕಣ್ಣು ಹೋಯಿತು, ಮುಖ ಹೋಯಿತು, ಒಂದರ ಮೇಲೊಂದು ಶಸ್ತ್ರಚಿಕಿತ್ಸೆ ನಡೆದವು. ಹೈಕೋರ್ಟು ಆತನಿಗೆ ಜೀವಾವಧಿ ಕೊಟ್ಟದ್ದು 2006ರಲ್ಲಿ. ಆ ಏಳು ವರ್ಷ ಆಸ್ಪತ್ರೆಯ ಬಾಗಿಲು ಕಾದದ್ದು ಆಕೆಯ ಮನೆಯವರು. ಬೆಂಗಳೂರಿನ ಹೆಣ್ಣುಮಕ್ಕಳು ಕಟ್ಟಿದ ಹೋರಾಟ, ಆಸಿಡ್ ದಾಳಿಗೆ ತುತ್ತಾದ ದಿಲ್ಲಿಯ ಲಕ್ಷ್ಮಿ ಹೂಡಿದ ಮೊಕದ್ದಮೆ, ಇವುಗಳ ನಂತರ 2013ರ ಜುಲೈ 18ರಂದು ಸುಪ್ರೀಂ ಕೋರ್ಟು ಹೇಳಿತು: ಆಸಿಡ್ ದಾಳಿಗೆ ಕನಿಷ್ಠ 3 ಲಕ್ಷ ರೂಪಾಯಿ, ಅದರಲ್ಲಿ 1 ಲಕ್ಷ ಹದಿನೈದು ದಿನದೊಳಗೆ. 2015ರಲ್ಲಿ ಖಾಸಗಿ ಆಸ್ಪತ್ರೆಗಳೂ ಪುಕ್ಕಟೆ ಚಿಕಿತ್ಸೆ ಕೊಡಬೇಕು ಎಂದಿತು. ಆಸಿಡ್ ದಾಳಿ, ಅತ್ಯಾಚಾರಗಳಿಗೆ ತುತ್ತಾದವರಿಗೆ ಯಾವ ಆಸ್ಪತ್ರೆಯೂ ಪುಕ್ಕಟೆ ಚಿಕಿತ್ಸೆ ನಿರಾಕರಿಸುವಂತಿಲ್ಲ, ನಿರಾಕರಿಸಿದರೆ ಅದೇ ಒಂದು ಅಪರಾಧ. ಈ ಆದೇಶಗಳಲ್ಲಿ ನನಗೆ ಹೊಳೆಯುವ ಮಾತು 3 ಲಕ್ಷವಲ್ಲ, ‘ಹದಿನೈದು ದಿನ’. ನ್ಯಾಯಾಲಯ ಅಲ್ಲಿ ಗಡಿಯಾರ ನೋಡಿತು.

ಗಡಿಯಾರವನ್ನು ಅದಕ್ಕಿಂತ ಮೊದಲೇ ನೋಡಿದ ಇನ್ನೊಂದು ಕಾನೂನಿದೆ: ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989, ಅದರ 1995ರ ನಿಯಮಗಳು. ಅದರ ಹನ್ನೊಂದನೆಯ ನಿಯಮವನ್ನು ನೀವೆಲ್ಲ ಒಮ್ಮೆ ಓದಬೇಕು. ತನಿಖೆಗೆ, ವಿಚಾರಣೆಗೆ ಹೋಗಿಬರುವ ಬಸ್ಸು, ರೈಲಿನ ಖರ್ಚು ಕೊಡಬೇಕು. ಆ ದಿನದ ಕನಿಷ್ಠ ಕೂಲಿಗೆ ಕಡಿಮೆಯಿಲ್ಲದ ಭತ್ಯೆ ಕೊಡಬೇಕು. ಮೂರು ದಿನದೊಳಗೆ ಕೊಡಬೇಕು. ಔಷಧಿ, ತಜ್ಞ ವೈದ್ಯರ ಸಲಹೆ, ರಕ್ತ, ಹರಿದ ಬಟ್ಟೆಯ ಬದಲು ಬಟ್ಟೆ, ಊಟ, ಕೊನೆಗೆ ಹಣ್ಣಿನ ಖರ್ಚನ್ನೂ ಕೊಡಬೇಕು. ಹಣ್ಣು! ಭಾರತದ ಒಂದು ಗೆಜೆಟ್ಟಿನಲ್ಲಿ ರೋಗಿಯ ತಲೆದಿಂಬಿನ ಪಕ್ಕದ ಮೋಸಂಬಿ ಹಣ್ಣಿನ ನೆನಪು ಯಾರಿಗೋ ಬಂದಿದೆ. ವಿಜ್ಞಾನೇಶ್ವರನ ‘ಪಥ್ಯ’ ಒಂಬೈನೂರು ವರ್ಷದ ನಂತರ, ಆತನ ಶಾಸ್ತ್ರ ಯಾರನ್ನು ಕೆಳಗೆ ಕೂಡಿಸಿತ್ತೋ ಅವರ ಹೆಸರಿನಲ್ಲಿ, ಕಾನೂನಿಗೆ ಮರಳಿತು. 2016ರ ತಿದ್ದುಪಡಿಯಲ್ಲಿ ಪರಿಹಾರ 85,000ದಿಂದ 8,25,000 ರೂಪಾಯಿವರೆಗೆ ಆಯಿತು. ಅದು ಬರುವುದು ಹಂತ ಹಂತವಾಗಿ, ಎಫ್ಐಆರ್ ಆದಾಗ, ದೋಷಾರೋಪ ಪಟ್ಟಿ ಸಲ್ಲಿಸಿದಾಗ, ಶಿಕ್ಷೆಯಾದಾಗ. ಕೊಲೆಯಾದರೆ ಅರ್ಧ ಮರಣೋತ್ತರ ಪರೀಕ್ಷೆಯ ನಂತರವೇ.

ಈ ಹಂತಗಳ ಬೆಲೆ ಏನೆಂದು ತಿಳಿಯಲು ಮರಕುಂಬಿ ನೋಡಿ. ಗಂಗಾವತಿ ತಾಲೂಕಿನ ಆ ಊರು 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯದೇ. ಅಲ್ಲಿ ದಲಿತರ ಮೇಲೆ ದಾಳಿ, ಗುಡಿಸಲಿಗೆ ಬೆಂಕಿ ಬಿದ್ದದ್ದು 2014ರ ಆಗಸ್ಟಿನಲ್ಲಿ. ಕೊಪ್ಪಳದ ನ್ಯಾಯಾಲಯ 101 ಜನರನ್ನು ದೋಷಿಗಳೆಂದು ಹೇಳಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರಿನಲ್ಲಿ. ಹತ್ತು ವರ್ಷ. ತೀರ್ಪು ಬಂದ ಮೇಲೆಯೇ ದುಡ್ಡು ಎಂದಿದ್ದರೆ ಸುಟ್ಟ ಗುಡಿಸಲಿನವರು ಹತ್ತು ಮಳೆಗಾಲ ಎಲ್ಲಿ ಮಲಗಬೇಕಿತ್ತು?

ಉತ್ತರ ಕರ್ನಾಟಕದ್ದೇ ಇನ್ನೊಂದು ಪ್ರಕರಣ ಕಾನೂನು ಪುಸ್ತಕದಲ್ಲಿ ಸೇರಿದೆ. ಒಬ್ಬ ಮನುಷ್ಯನ ಮೇಲೆ 2009ರ ಫೆಬ್ರುವರಿಯಲ್ಲಿ ಹಲ್ಲೆಯಾಯಿತು. ಆರೋಪಿಗಳು ಖುಲಾಸೆಯಾದರು. ಬಾಧಿತನಿಗೆ ಮೇಲ್ಮನವಿಯ ಹಕ್ಕಿದೆಯೇ ಎಂಬ ಪ್ರಶ್ನೆ ದಿಲ್ಲಿಗೆ ಹೋಯಿತು. ಹೌದು, ಇದೆ, ಯಾರ ಅನುಮತಿಯೂ ಬೇಡ ಎಂದು ಸುಪ್ರೀಂ ಕೋರ್ಟು 2018ರ ಅಕ್ಟೋಬರ್ 12ರಂದು ಹೇಳಿತು. ಇಡೀ ದೇಶದ ಬಾಧಿತರಿಗೆ ದಾರಿ ತೆರೆದ ಆ ತೀರ್ಪಿನ ತಲೆಬರಹದಲ್ಲಿ ಆತನ ಹೆಸರಿನ ಪಕ್ಕದಲ್ಲಿ ಒಂದು ಪದವಿದೆ: ಮೃತ.

ರಾಜಿ ಎಂಬ ಅಗ್ಗದ ಔಷಧಿ

ಬಡ್ಡಿ ಕಟ್ಟುವವನು ಎಷ್ಟು ದಿನ ಸಾಕ್ಷಿಯಾಗಿ ಉಳಿದಾನು? ದೇವದುರ್ಗ, ಮಾನ್ವಿಗಳಲ್ಲಿ ಕೋರ್ಟುಗಳಿವೆ, ನಿಜ. ಆದರೆ ಕೊಲೆಯತ್ನದಂಥ ಕೇಸು ಸೆಷನ್ಸ್ ಕೋರ್ಟಿಗೆ ಹೋಗಬೇಕು, ಅದರ ಮೇಲ್ಮನವಿ ಕಲಬುರಗಿ ಪೀಠಕ್ಕೆ. 2023ರ ಜೂನಿನಲ್ಲಿ ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಅವ್ವನ ಟಿಕೆಟು ಉಳಿಯಿತು. ಅಪ್ಪನ ಟಿಕೆಟೂ ಆ ದಿನದ ಕೂಲಿಯೂ ಉಳಿಯಲಿಲ್ಲ. ಸಾಕ್ಷಿಗೆ ಭತ್ಯೆ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಮುಂದಿನ ತಾರೀಖು ಬರೆದುಕೊಂಡು ಬಾಗಿಲ ಹೊರಗೆ ಬಂದವನಿಗೆ ಅದನ್ನು ಹೇಳುವವರು ಯಾರು?

ಇಂಥ ಹೊತ್ತಿನಲ್ಲಿ ಊರಿನ ನಾಲ್ಕು ಜನ ಹಿರಿಯರು ಬರುತ್ತಾರೆ. “ಆದದ್ದು ಆತು. ದವಾಖಾನಿ ಖರ್ಚು ಕೊಡಸ್ತೀವಿ, ಕೇಸು ಮುಗಸ್ರಿ.” ಐವತ್ತು ಸಾವಿರ ಕೈಗೆ ಬರುತ್ತದೆ, ಸಾಲಗಾರನಿಗೆ ಹೋಗುತ್ತದೆ. ಮುಂದಿನ ತಾರೀಖಿಗೆ ಪೆಟ್ಟು ತಿಂದವನೇ ಕಟಕಟೆಯಲ್ಲಿ ನಿಂತು “ಯಾರು ಹೊಡದ್ರೋ ಕತ್ತಲಾಗಿತ್ತು, ಕಾಣಲಿಲ್ಲ” ಅನ್ನುತ್ತಾನೆ. ಸರ್ಕಾರಿ ವಕೀಲರು ಸಾಕ್ಷಿ ತಿರುಗಿಬಿದ್ದ ಎಂದು ಬರೆಸುತ್ತಾರೆ. ನಾವೆಲ್ಲ ಜನರಲ್ಲಿ ನಿಯತ್ತಿಲ್ಲ ಎಂದು ಟೀ ಕುಡಿಯುತ್ತ ಮಾತಾಡಿಕೊಳ್ಳುತ್ತೇವೆ. ಅವನು ಸುಳ್ಳು ಹೇಳಿದ, ಹೌದು. ಆದರೆ ಅವನಿಗೆ ಸಮುತ್ಥಾನ ವ್ಯಯ ಕೊಟ್ಟವನು ಆರೋಪಿ ಒಬ್ಬನೇ. ಸರ್ಕಾರ ಮೊದಲ ತಿಂಗಳಲ್ಲೇ ಕೊಟ್ಟಿದ್ದರೆ ಆ ಸಾಕ್ಷಿ ಮಾರಾಟಕ್ಕೆ ಇರುತ್ತಿರಲಿಲ್ಲ. ಹೀಗಾಗಿ ಪರಿಹಾರವನ್ನು ಕರುಣೆ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಸರ್ಕಾರ ತನ್ನ ಕೇಸನ್ನು ತಾನು ಉಳಿಸಿಕೊಳ್ಳಲು ಹಾಕಬೇಕಾದ ಬಂಡವಾಳ ಅದು.

ರಾಜಿಯೂ ಆಗದೆ ಸಾಲ ಬೆಳೆದರೆ ಅಪರಾಧ ಮರಿ ಹಾಕುತ್ತದೆ. ಸಂಘದ ಕಂತು ತಪ್ಪಿದ ಮನೆಯ ಬಾಗಿಲಿಗೆ ವಸೂಲಿಯವರು ಬಂದು ಕೂಡುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದು 2025ರಲ್ಲಿ ರಾಜ್ಯ ಕಿರುಸಾಲದ ಕಾನೂನನ್ನೇ ತರಬೇಕಾಯಿತು. ಕೊಡಲಿಯ ಪೆಟ್ಟಿಗೆ ತುತ್ತಾದ ಮನೆಯೇ ಎರಡನೆಯ ಸಲ ಕಿರುಕುಳಕ್ಕೂ ತುತ್ತಾಗುತ್ತದೆ. ಫೋನಿನಲ್ಲಿ ದುಡ್ಡು ಕಳೆದುಕೊಂಡವರದೂ ಇದೇ ಗಡಿಯಾರದ ಕಥೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಗಂಟೆಯಲ್ಲೇ ಫೋನು ಮಾಡಿದರೆ ಹಣ ದಾರಿಯಲ್ಲಿ ತಡೆಯಲು ಸಾಧ್ಯ. ನಾಚಿಕೊಂಡು ಮೂರು ದಿನ ಸುಮ್ಮನಿದ್ದರೆ ಅದು ಹತ್ತು ಖಾತೆ ದಾಟಿರುತ್ತದೆ. ಅಲ್ಲಿ ರಕ್ತಗಾಯವೇ ಇಲ್ಲ, ಎಲ್ಲವೂ ಗುಪ್ತಗಾಯ. ಮಗಳ ಮದುವೆಯ ದುಡ್ಡು ಕಳೆದುಕೊಂಡು ನಿದ್ದೆ ಬಿಟ್ಟವನಿಗೆ ವೂಂಡ್ ಸರ್ಟಿಫಿಕೇಟು ಯಾರು ಬರೆದಾರು?

ಮಾಡಬಹುದಾದದ್ದು

ದೊಡ್ಡ ಆಸ್ಪತ್ರೆ ಬೇಕು. ಏಮ್ಸ್‌ಗಾಗಿ 2022ರ ಮೇ ತಿಂಗಳಿಂದ ಈ ಊರಿನಲ್ಲಿ ಕೂತ ಧರಣಿ ಸಾವಿರ ದಿನ ದಾಟಿದ್ದು ಸುಮ್ಮನೆ ಅಲ್ಲ. ತಲೆಗೆ ಪೆಟ್ಟು ಬಿದ್ದವನನ್ನು ಹೈದರಾಬಾದಿಗೆ ಒಯ್ಯುವ ದಾರಿಯ ಖರ್ಚು ನಮಗೆಲ್ಲ ಗೊತ್ತು. ಆದರೆ ಅದು ಬರುವವರೆಗೆ ಕಾಯದೆ, ಹೊಸ ಕಾನೂನೂ ಇಲ್ಲದೆ ಮಾಡಬಹುದಾದ ಸಣ್ಣ ಕೆಲಸಗಳಿವೆ.

ಎಂ.ಎಲ್.ಸಿ. ಬರೆಯುವ ಮೇಜಿನ ಹಿಂದಿನ ಗೋಡೆಗೆ, ಠಾಣೆಯ ಫಿರ್ಯಾದಿ ಬರೆಯುವ ಮೇಜಿನ ಹಿಂದಿನ ಗೋಡೆಗೆ ಕನ್ನಡದಲ್ಲಿ, ಉರ್ದುವಿನಲ್ಲಿ, ತೆಲುಗಿನಲ್ಲಿ ಒಂದು ಹಾಳೆ ಅಂಟಿಸಬೇಕು: ‘ನಿಮಗೆ ಮಧ್ಯಂತರ ಪರಿಹಾರ ಕೇಳುವ ಹಕ್ಕಿದೆ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100’. ಎಫ್ಐಆರ್ ನಕಲು ಕೊಡುವಾಗ ಪ್ರಾಧಿಕಾರದ ಅರ್ಜಿ ನಮೂನೆಯನ್ನೂ ಪಿನ್ನು ಹಾಕಿ ಕೊಡಬೇಕು. ಗ್ರಾಮ ಪಂಚಾಯಿತಿಯಲ್ಲಿ ಆ ಅಳಿಸಿಹೋಗುವ ಬಿಲ್ಲುಗಳ ಜೆರಾಕ್ಸು ಆ ವಾರವೇ ಮಾಡಿಕೊಡಬೇಕು. ಕೂಲಿಕಾರನ ಬಾಯಿಮಾತಿನ ಲೆಕ್ಕವನ್ನು ಲಾರಿಯ ಕೇಸಿನಲ್ಲಿ ನಂಬುವ ನಾವು ಕೊಡಲಿಯ ಕೇಸಿನಲ್ಲೂ ನಂಬಬೇಕು. ಇನ್ನು ವಕೀಲರಿಗೆ ಒಂದು ಮಾತು. ಪ್ರತಿ ತೀರ್ಪಿನಲ್ಲೂ ಪರಿಹಾರದ ಪ್ರಶ್ನೆಯನ್ನು ಕೋರ್ಟು ಯೋಚಿಸಲೇಬೇಕು, ಕೊಡದಿದ್ದರೆ ಕಾರಣ ಬರೆಯಬೇಕು ಎಂದು 2013ರ ಅಂಕುಶ್ ಗಾಯಕವಾಡ್ ತೀರ್ಪು ಹೇಳಿದೆ. ಅದನ್ನು ನೆನಪಿಸಲು ನಾವು ಎದ್ದು ನಿಂತರೆ ಸಾಕು.

ಈಗ ಆ ತಾಯಿಗೆ ನಾನು ಕೊಟ್ಟ ಉತ್ತರ. ಸರ್ಕಾರಿ ವಕೀಲರಿಗೆ ನೆರವಾಗಲಿ ಎಂದು ಆಕೆ ನನ್ನನ್ನು ಇಟ್ಟುಕೊಂಡಿದ್ದಳು. “ಈ ಬಿಲ್ಲು ಯಾರವು” ಎಂದು ಕೇಳಿದಾಗ ನಾನು ಹೇಳಿದ್ದು: “ಕೇಸು ಮುಗೀಲಿ ಯವ್ವಾ, ಆಮ್ಯಾಲ ನೋಡೋಣು.” 2011ರ ಯೋಜನೆ ಅಷ್ಟರಲ್ಲಿ ಜಾರಿಯಲ್ಲಿತ್ತು. ಮಧ್ಯಂತರ ಪರಿಹಾರಕ್ಕೆ ಅಂದೇ ಅರ್ಜಿ ಬರೆಯಬಹುದಿತ್ತು. ಅದಕ್ಕೆ ಬೇಕಾದ ಕಾಗದವೆಲ್ಲ ಆ ಕಟ್ಟೆಯ ಮೇಲೆಯೇ ಹರವಿತ್ತು. ಲಾರಿಯ ಕೇಸಾಗಿದ್ದರೆ ಆ ಎಕ್ಸ್‌ರೇ ನೋಡಿದ ಕೂಡಲೇ ನನ್ನ ಕೈ ಗುಣಕದ ಪಟ್ಟಿಗೆ ಹೋಗುತ್ತಿತ್ತು. ಕೊಡಲಿ ಎಂದ ಮೇಲೆ ಕೈ ಜೇಬಿಗೆ ಹೋಯಿತು. ಕೇಸು ಮುಗಿಯುವುದರೊಳಗೆ ಆಕೆಯ ಮಗ ಶಾಲೆ ಬಿಟ್ಟು ಗುಳೆ ಹೋಗಿದ್ದ. ನನ್ನ ಫೀಸು ಎಲ್ಲಿಂದ ಬಂದಿತ್ತು ಎಂಬುದು ಆಮೇಲೆ ಗೊತ್ತಾಯಿತು. ಅದೇ ಸಂಘದ ಸಾಲದಿಂದ.

ಅಂದಿನಿಂದ ನನ್ನ ಮೇಜಿಗೆ ಹೊಡೆದಾಟದ ಕೇಸು ಬಂದರೆ ಮೊದಲ ಹಾಳೆಯಲ್ಲಿ ಕಲಂ ಬರೆಯುವ ಮುಂಚೆ ಎರಡು ಪ್ರಶ್ನೆ ಬರೆದುಕೊಳ್ಳುತ್ತೇನೆ. ಕೂಲಿ ಯಾವತ್ತು ನಿಂತಿತು? ಸಾಲ ಯಾರ ಹತ್ತಿರ, ನೂರಕ್ಕೆ ಎಷ್ಟು? ಎರಡಕ್ಕೂ ಉತ್ತರ ಬರೆದುಕೊಂಡ ಮೇಲೆ, ಗಾಯ ಎಲ್ಲಿ ಆಯಿತು ಎಂದು ಕೇಳುತ್ತೇನೆ.

ಮಾನ್ವಿಯ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದೆ. ಯಾರಾದರೂ ಕ್ಯಾರಿಬ್ಯಾಗು ತಂದಿದ್ದರೆ ಇಲ್ಲೇ ಮೇಜಿನ ಮೇಲೆ ಹರವಿ, ನೋಡೋಣ.